ಹನ್ನೊಂದನೆಯ ಪುಟದಲ್ಲಿ ಶುರುವಾಗುವ ಲೇಖನ

(ನಿರ್ವಹಣಾಶಾಸ್ತ್ರದ ಸಂಶೋಧನಾ ವಿದ್ಯಾರ್ಥಿಗಳು ಮತ್ತು ಕಾಲೇಜು ಅಧ್ಯಾಪಕರಿಗಾಗಿ ನಡೆದ ಕಾರ್ಯಾಗಾರದ ಉಪನ್ಯಾಸ, ಬರಹ ರೂಪದಲ್ಲಿ)

'ಅಂಡರ್ ರಿವ್ಯೂ', ಎಂದರೆ ಪರಿಶೀಲನೆಯಲ್ಲಿದೆ, ಎಂಬ ಎರಡು ಪದಗಳನ್ನು ದಿನಕ್ಕೊಮ್ಮೆಯಾದರೂ ತೆರೆದು ನೋಡುವವರು ಇಲ್ಲಿ ಎಷ್ಟು ಮಂದಿ ಇದ್ದೀರಿ? ಕೈ ಎತ್ತಿ. ನಾನೂ ಎತ್ತಿದ್ದೇನೆ, ಗಮನಿಸಿ.

ಒಂದು ಜರ್ನಲ್‌ಗೆ, ಅಂದರೆ ಸಂಶೋಧನಾ ಪತ್ರಿಕೆಗೆ, ಲೇಖನ ಕಳಿಸಿ ನಾಲ್ಕು ತಿಂಗಳಾಗಿರುತ್ತದೆ. ಪರದೆಯ ಮೇಲೆ ಅದೇ ಎರಡು ಪದ. ಅದರ ಹಿಂದೆ ಒಂದು ದೊಡ್ಡ ಕಚೇರಿ ಇದೆ, ಉದ್ದನೆಯ ಮೇಜಿನ ಸುತ್ತ ಕನ್ನಡಕ ಹಾಕಿದ ಮೂವರು ಕುಳಿತಿದ್ದಾರೆ, ನಮ್ಮ ಸಾಲುಗಳಿಗೆ ಕೆಂಪು ಗೆರೆ ಎಳೆಯುತ್ತಿದ್ದಾರೆ ಎಂದು ನಾವು ಕಲ್ಪಿಸಿಕೊಳ್ಳುತ್ತೇವೆ. ಆ ಚಿತ್ರವನ್ನು ಅಳಿಸುವುದಕ್ಕೇ ನಾನು ಇವತ್ತು ಬಂದಿರುವುದು. ಆ ನಾಲ್ಕು ತಿಂಗಳಲ್ಲಿ ನಿಮ್ಮ ಲೇಖನವನ್ನು ಮನುಷ್ಯರು ನಿಜವಾಗಿ ಓದಿದ ಹೊತ್ತನ್ನೆಲ್ಲ ಕೂಡಿಸಿದರೆ, ನನ್ನ ಅನುಭವದಲ್ಲಿ, ನಾಲ್ಕು ದಿನ ದಾಟುವುದಿಲ್ಲ. ಉಳಿದದ್ದೆಲ್ಲ ಓದುವವರಿಗಾಗಿ ಕಾಯ್ದ ಸಮಯ. ನಾನು ಹೇಳಬೇಕಾದದ್ದು ಹೆಚ್ಚುಕಡಿಮೆ ಇಷ್ಟೇ. ಮುಂದಿನ ಒಂದು ಗಂಟೆ ಇದರ ವಿವರ.

ನಾನು ಹಲವು ವರ್ಷ ಒಂದು ನಿರ್ವಹಣಾ ಜರ್ನಲ್‌ನ ಸಹ ಸಂಪಾದಕನಾಗಿದ್ದೆ. ಹೆಸರು ಬೇಡ. ಅದರ 'ಕಚೇರಿ' ಎಂದರೆ ಒಂದು ಬೀರು, ಒಂದು ಕಂಪ್ಯೂಟರ್, ಮಧ್ಯಾಹ್ನದ ಮೇಲೆ ಬರುತ್ತಿದ್ದ ಒಬ್ಬ ಸಹಾಯಕಿ. ದೊಡ್ಡ ಜರ್ನಲ್‌ಗಳಲ್ಲಿ ಹಸ್ತಪ್ರತಿಗಳ ಓಡಾಟ ನೋಡಿಕೊಳ್ಳುವ ಸ್ಕಾಲರ್‌ಒನ್‌ನಂತಹ ತಂತ್ರಾಂಶ ಇರುತ್ತದೆ, ಪ್ರಕಾಶಕರ ಕಡೆಯ ಸಿಬ್ಬಂದಿ ಇರುತ್ತಾರೆ. ಆದರೆ ಸಂಪಾದಕ ಎಲ್ಲೆಡೆ ನಮ್ಮಂಥವನೇ. ಬೆಳಗ್ಗೆ ಪಾಠ, ಮಧ್ಯಾಹ್ನ ವಿಭಾಗದ ಸಭೆ, ರಾತ್ರಿ ಊಟದ ನಂತರ ನಿಮ್ಮ ಹಸ್ತಪ್ರತಿ.

ಒಂದು ಹಸ್ತಪ್ರತಿಯ ಜೊತೆ ನಡೆದುಕೊಂಡು ಹೋಗೋಣ. ನಾನು ನೋಡಿದ ನಿಜವಾದ ಹಸ್ತಪ್ರತಿಯ ಕಥೆ ಹೇಳುವ ಹಾಗಿಲ್ಲ, ಅದು ಗೋಪ್ಯ. ಪ್ರಕಟವಾದ ಮೇಲೂ ಗೋಪ್ಯ. ಹಾಗಾಗಿ ಒಂದನ್ನು ಇಲ್ಲಿಯೇ ಹುಟ್ಟಿಸುತ್ತೇನೆ. ಶೀರ್ಷಿಕೆ ಬರೆದುಕೊಳ್ಳಿ: 'ಗ್ರಾಮೀಣ ಹಾಲು ಉತ್ಪಾದಕರ ಸಹಕಾರ ಸಂಘಗಳಲ್ಲಿ ಸದಸ್ಯರ ವಿಶ್ವಾಸದ ಮೇಲೆ ಪ್ರಭಾವ ಬೀರುವ ಅಂಶಗಳು: ಒಂದು ಅಧ್ಯಯನ'. ನಗಬೇಡಿ, ನಿಮ್ಮ ಪೈಕಿ ಅರ್ಧ ಜನರ ಶೀರ್ಷಿಕೆ ಹೀಗೇ ಇರುತ್ತದೆ. ಆ 'ಒಂದು ಅಧ್ಯಯನ' ಎಂಬ ಬಾಲವನ್ನು ನಮ್ಮ ವಿಶ್ವವಿದ್ಯಾಲಯಗಳು ಯಾವ ಕಾಲದಿಂದ ಅಂಟಿಸುತ್ತ ಬಂದಿವೆಯೋ ತಿಳಿಯದು. ಅಧ್ಯಯನವಲ್ಲದೆ ಬೇರೆ ಏನನ್ನು ಕಳಿಸುತ್ತೀರಿ, ಲಗ್ನಪತ್ರಿಕೆಯೇ?

ಹಸ್ತಪ್ರತಿ ಬಂತು. ಮೊದಲು ಅದನ್ನು ಮುಟ್ಟುವವರು ಸಂಪಾದಕರಲ್ಲ, ಆ ಸಹಾಯಕಿ. ಪುಟ ಮಿತಿ ನೋಡುತ್ತಾರೆ. ಅಮೆರಿಕದ ಅಕಾಡೆಮಿ ಆಫ್ ಮ್ಯಾನೇಜ್‌ಮೆಂಟ್ ಜರ್ನಲ್‌ನಲ್ಲಿ ಆಕರಸೂಚಿ, ಕೋಷ್ಟಕ ಎಲ್ಲ ಸೇರಿ 40 ಪುಟ. ನಮ್ಮ ಹಾಲಿನ ಲೇಖನ 54 ಪುಟ ಇದೆ ಎಂದಿಟ್ಟುಕೊಳ್ಳಿ. ಹಿಂದಕ್ಕೆ ಬಂತು. ಲೇಖಕರು ಅಕ್ಷರ ಚಿಕ್ಕದು ಮಾಡಿ ಮತ್ತೆ ಕಳಿಸಿದರು. ಮತ್ತೆ ಹಿಂದಕ್ಕೆ ಬಂತು. ಇಲ್ಲಿಗೆ ಮೂರು ವಾರ ಕಳೆಯಿತು, ಯಾರೂ ಒಂದು ಸಾಲನ್ನೂ ಓದಿಲ್ಲ.

ಎರಡನೆಯದು ಅನಾಮಿಕತೆ. ನಿರ್ವಹಣಾ ಜರ್ನಲ್‌ಗಳಲ್ಲಿ ಬಹುಪಾಲು ಇಬ್ಬದಿಯ ಅನಾಮಿಕತೆ ಪಾಲಿಸುತ್ತವೆ. ಓದುವವರಿಗೆ ಬರೆದವರು ಯಾರೆಂದು ಗೊತ್ತಿರಬಾರದು, ಬರೆದವರಿಗೆ ಓದಿದವರು ಗೊತ್ತಾಗಬಾರದು. ನೀವು ಮುಖಪುಟದಿಂದ ಹೆಸರು ತೆಗೆಯುತ್ತೀರಿ, ಸರಿ. ಫೈಲಿನ ಗುಣವಿವರ ತೆರೆದರೆ ನಿಮ್ಮ ಹೆಸರು ಅಲ್ಲೇ ಕುಳಿತಿರುತ್ತದೆ. ಕೊನೆಯ ಪುಟದಲ್ಲಿ ಮಾರ್ಗದರ್ಶಕರಿಗೂ ಮನೆಯವರಿಗೂ ಕೃತಜ್ಞತೆ. ಆರನೆಯ ಪುಟದಲ್ಲಿ 'ನಮ್ಮ ಹಿಂದಿನ ಸಂಶೋಧನೆಯಲ್ಲಿ ತೋರಿಸಿದಂತೆ' ಎಂದು ಬರೆದು ಪಕ್ಕದಲ್ಲೇ ನಿಮ್ಮ ಹೆಸರು ಮತ್ತು ವರ್ಷ. ಬಾಗಿಲಿಗೆ ಬೀಗ ಹಾಕಿ ಬೀಗದ ಕೈಯನ್ನು ಅದರಲ್ಲೇ ನೇತು ಹಾಕಿದ ಹಾಗೆ. ನಿಮ್ಮ ಹಳೆಯ ಲೇಖನವನ್ನು ಇನ್ಯಾರದೋ ಎಂಬಂತೆ ಉಲ್ಲೇಖಿಸಿ, ಸಾಕು.

ಮೂರನೆಯದು ಸಾಮ್ಯ ಪರೀಕ್ಷೆ, ನೀವೆಲ್ಲ ಹೆದರುವ ಶೇಕಡಾವಾರು. ತಂತ್ರಾಂಶ ಕೊಡುವುದು ಬೇರೆ ಬರಹಗಳ ಜೊತೆ ಹೊಂದಿಕೆಯ ಅಂಕಿ ಮಾತ್ರ, ಕಳ್ಳತನದ ಅಂಕಿಯಲ್ಲ. ಆಕರಸೂಚಿಯೂ ಹೊಂದುತ್ತದೆ, ಎಲ್ಲರೂ ಬಳಸುವ ಪ್ರಶ್ನಾವಳಿಯ ವಾಕ್ಯಗಳೂ ಹೊಂದುತ್ತವೆ. ಶೇಕಡ 22 ಇದ್ದೂ ಶುದ್ಧವಾಗಿರಬಹುದು, ಶೇಕಡ 6ರಲ್ಲಿ ಒಂದಿಡೀ ಪುಟ ಕದ್ದದ್ದಿರಬಹುದು. ಯಾವುದು ಯಾವುದೆಂದು ತಿಳಿಯಲು ಅದನ್ನೂ ಒಬ್ಬರು ಕುಳಿತು ಓದಬೇಕು. ಮತ್ತೆ ಅಲ್ಲಿಗೇ ಬಂದೆವು.

ಈಗ ಸಂಪಾದಕರ ಮೇಜು. ಇಲ್ಲಿ ನಾನು ಸ್ವಲ್ಪ ನಿಲ್ಲುತ್ತೇನೆ. ಅತಿ ಹೆಚ್ಚು ಲೇಖನಗಳು ಸಾಯುವುದು ಈ ಮೇಜಿನ ಮೇಲೆ, ಮತ್ತು ಅತಿ ಹೆಚ್ಚು ಶಾಪ ತಾಗುವುದೂ ಇದಕ್ಕೇ. ಡೆಸ್ಕ್ ರಿಜೆಕ್ಟ್. ರಿವ್ಯೂಗೆ, ಅಂದರೆ ಹೊರಗಿನ ತಜ್ಞರ ಪರಿಶೀಲನೆಗೆ, ಹೋಗದೆಯೇ ವಾಪಸ್ಸು. 'ಓದದೆಯೇ ತಿರಸ್ಕರಿಸಿದರು' ಎಂದು ಎಲ್ಲರೂ ಹೇಳುತ್ತಾರೆ. ಓದಿರುತ್ತಾರೆ, ಆದರೆ ನೀವು ಬರೆದ ಕ್ರಮದಲ್ಲಿ ಓದಿರುವುದಿಲ್ಲ. ನಾನು ಹೇಗೆ ಓದುತ್ತಿದ್ದೆ ಹೇಳುತ್ತೇನೆ. ಶೀರ್ಷಿಕೆ, ಸಾರಾಂಶ, ಮೊದಲ ಮೂರು ಪುಟ. ಅಲ್ಲಿಂದ ನೇರ ಹಿಂದಕ್ಕೆ ಹಾರಿ ಆಕರಸೂಚಿ. ಅಲ್ಲಿಂದ ಕೋಷ್ಟಕಗಳು. ಇಷ್ಟಕ್ಕೆ ಇಪ್ಪತ್ತು ನಿಮಿಷ.

ಆಕರಸೂಚಿ ಯಾಕೆ ಎಂದರೆ, ಲೇಖಕರು ಯಾರ ಜೊತೆ ಮಾತನಾಡುತ್ತಿದ್ದಾರೆ ಎನ್ನುವುದು ಅಲ್ಲಿ ಗೊತ್ತಾಗುತ್ತದೆ. ಜರ್ನಲ್ ಎಂದರೆ ಒಂದು ಜಗಲಿ. ಅಲ್ಲಿ ಆಗಲೇ ಒಂದಷ್ಟು ಜನ ಕುಳಿತು ಒಂದು ವಿಷಯ ಮಾತನಾಡುತ್ತಿದ್ದಾರೆ. ನೀವು ಬಂದು ಕೂರುವ ಮೊದಲು ಏನು ಮಾತು ನಡೆದಿದೆ ಎಂದು ಕೇಳಿಸಿಕೊಳ್ಳಬೇಕಲ್ಲವೇ? ಕೆಲವು ಜಗಲಿಗಳಿಗೆ ಬರೆದಿಟ್ಟ ನಿಯಮವೇ ಇದೆ. ಅಕಾಡೆಮಿ ಆಫ್ ಮ್ಯಾನೇಜ್‌ಮೆಂಟ್ ಎಂಬ ಸಂಘ 1936ರಲ್ಲಿ ಹುಟ್ಟಿತು. ಅದರ ಜರ್ನಲ್ 1958ರಲ್ಲಿ, ಅದೇ ಸಂಘದ ರಿವ್ಯೂ ಎಂಬ ಇನ್ನೊಂದು ಪತ್ರಿಕೆ 1976ರಲ್ಲಿ ಬಂತು. ಮೊದಲನೆಯದಕ್ಕೆ ದತ್ತಾಂಶದ ಸಾಕ್ಷ್ಯ ಬೇಕೇ ಬೇಕು. ಎರಡನೆಯದಕ್ಕೆ ಸಿದ್ಧಾಂತ ಮಾತ್ರ, ಅಂಕಿಅಂಶದ ಲೇಖನ ಬೇಡವೇ ಬೇಡ. ನಮ್ಮ ಹಾಲಿನ ಲೇಖನವನ್ನು ಎರಡನೆಯದಕ್ಕೆ ಕಳಿಸಿದರೆ ಎಷ್ಟೇ ಚೆನ್ನಾಗಿದ್ದರೂ ಅದೇ ವಾರ ವಾಪಸ್ಸು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಿಂದ 1956ರಲ್ಲಿ ಹೊರಟ ಅಡ್ಮಿನಿಸ್ಟ್ರೇಟಿವ್ ಸೈನ್ಸ್ ಕ್ವಾರ್ಟರ್ಲಿಯ ರುಚಿ ಬೇರೆ, ಸಂಘಟನೆಗಳ ಒಳಗೆ ನಿಜಕ್ಕೂ ಏನಾಗುತ್ತದೆ ಎಂಬುದರಲ್ಲಿ ಅದಕ್ಕೆ ಆಸಕ್ತಿ. ನಮ್ಮಲ್ಲಿ ಐಐಎಂ ಅಹಮದಾಬಾದಿನ ವಿಕಲ್ಪ 1976ರಿಂದ ಇದೆ, ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯಿಂದ ಐಐಎಂಬಿ ಮ್ಯಾನೇಜ್‌ಮೆಂಟ್ ರಿವ್ಯೂ ಬರುತ್ತದೆ, ಕೋಲ್ಕತ್ತದಿಂದ ಡಿಸಿಷನ್. ಕಳಿಸುವ ಮೊದಲು ಅವುಗಳ ಎರಡು ವರ್ಷದ ಸಂಚಿಕೆ ತಿರುವಿ ನೋಡಿದವರು ಎಷ್ಟು ಮಂದಿ? ಈ ಸಲ ಕೈ ಎತ್ತಿಸುವುದಿಲ್ಲ.

ಇನ್ನೊಂದು ಜಾತಿಯ ಲೇಖನ ಇದೆ, ಅದನ್ನು ಹೇಳದೆ ಮುಂದೆ ಹೋಗಲಾರೆ. 'ಬೆಂಗಳೂರಿನ ಐಟಿ ನೌಕರರ ಉದ್ಯೋಗ ತೃಪ್ತಿ'. ಗೂಗಲ್ ಫಾರಂ ಒಂದು, ಗೆಳೆಯರ ವಾಟ್ಸ್‌ಆ್ಯಪ್ ಗುಂಪುಗಳಿಗೆ ರವಾನೆ, ಇನ್ನೂರು ಚಿಲ್ಲರೆ ಉತ್ತರ, ಬಾಣದ ಗುರುತುಗಳ ಒಂದು ಚಿತ್ರ, ಎಲ್ಲ ಊಹೆಗಳೂ ಸರಿಯೆಂದು ಸಾಬೀತು. ಒಂದೇ ಮನುಷ್ಯ ಒಂದೇ ಹೊತ್ತಿನಲ್ಲಿ ತನ್ನ ಮೇಲಧಿಕಾರಿ ಒಳ್ಳೆಯವನೆಂದೂ ತಾನು ತೃಪ್ತನೆಂದೂ ಗುರುತು ಹಾಕಿದ್ದಾನೆ. ಎರಡಕ್ಕೂ ನಂಟು ಕಾಣದೆ ಇರುತ್ತದೆಯೇ? ಆವತ್ತು ಅವನ ಸಂಬಳ ಆಗಿತ್ತೋ ಏನೋ. ಇದರಲ್ಲಿ ವಿದ್ಯಾರ್ಥಿಯ ತಪ್ಪು ಕಡಿಮೆ, ಹೀಗೆ ಮಾಡು ಎಂದು ಕಲಿಸಿದವರು ನಾವು. ಆದರೂ ಅದನ್ನು ಮೂವರು ರಿವ್ಯೂವರುಗಳಿಗೆ ಕಳಿಸಿ ಆರು ತಿಂಗಳ ನಂತರ ಬೇಡ ಎನ್ನುವುದಕ್ಕಿಂತ ಹತ್ತನೆಯ ದಿನ ಬೇಡ ಎನ್ನುವ ಸಂಪಾದಕ ನಿಮ್ಮ ಹಿತೈಷಿ. ನಿಮಗೆ ಆ ದಿನ ಹಾಗೆ ಅನಿಸುವುದಿಲ್ಲ, ನನಗೂ ಅನಿಸಿರಲಿಲ್ಲ.

ಹಾಲಿನ ಲೇಖನ ಉಳಿಯಿತು ಎಂದುಕೊಳ್ಳೋಣ. ಯಾಕೆ ಉಳಿಯಿತು ಎನ್ನುವುದು ಆಮೇಲೆ. ಈಗ ಅದಕ್ಕೆ ಓದುವವರು ಬೇಕು.

ಒಂದು ಮಾತು. ಕನ್ನಡದಲ್ಲಿ ರಿವ್ಯೂವರ್‌ಗೆ 'ವಿಮರ್ಶಕ' ಎನ್ನುವವರಿದ್ದಾರೆ. ನನಗೆ ಒಪ್ಪಿಗೆಯಿಲ್ಲ. ನಮ್ಮ ವಿಮರ್ಶಕ ಪುಸ್ತಕ ಬಂದ ಮೇಲೆ ಬರೆಯುತ್ತಾನೆ, ಹೆಸರು ಹಾಕಿ ಬರೆಯುತ್ತಾನೆ, ಜಗಳವಾದರೆ ಜಗಳಕ್ಕೂ ಸಿಗುತ್ತಾನೆ. ಇವನು ಬರುವ ಮೊದಲೇ ಬರೆಯುತ್ತಾನೆ, ಹೆಸರಿಲ್ಲದೆ ಬರೆಯುತ್ತಾನೆ, ಯಾವತ್ತೂ ಕೈಗೆ ಸಿಗುವುದಿಲ್ಲ. ಹಾಗಾಗಿ ರಿವ್ಯೂವರ್ ಎಂದೇ ಇರಲಿ.

ಈ ಪ್ರಾಣಿಯನ್ನು ಹಿಡಿಯುವುದು ಸುಲಭವಲ್ಲ. ಎಂಟು ಜನರಿಗೆ ಪತ್ರ ಬರೆಯುತ್ತೇವೆ. ಇಬ್ಬರು ಆಗುವುದಿಲ್ಲ ಎನ್ನುತ್ತಾರೆ, ಅವರು ಪುಣ್ಯವಂತರು. ಮೂವರು ಉತ್ತರವನ್ನೇ ಕೊಡುವುದಿಲ್ಲ. ಒಬ್ಬರು ಒಪ್ಪಿಕೊಂಡು ಮಾಯವಾಗುತ್ತಾರೆ, ಇವರು ಎಲ್ಲರಿಗಿಂತ ಅಪಾಯ. ಉಳಿದ ಇಬ್ಬರು ಓದುತ್ತಾರೆ. ಮೂರನೆಯವರನ್ನು ಮತ್ತೆ ಹುಡುಕಬೇಕು. ಇದಕ್ಕೆ ಯಾರಿಗೂ ಸಂಭಾವನೆ ಇಲ್ಲ. ಒಂದು ಹಸ್ತಪ್ರತಿಯನ್ನು ಸರಿಯಾಗಿ ಓದಿ ವರದಿ ಬರೆಯಲು ನನಗೆ ಒಂದು ಶನಿವಾರ ಪೂರ್ತಿ ಬೇಕು. ಕಾಲೇಜಿನ ಮೌಲ್ಯಮಾಪನ ನಮೂನೆಯಲ್ಲಿ ನನ್ನ ಪ್ರಕಟಣೆಗೆ ಅಂಕ ಇದೆ, ಆ ಶನಿವಾರಕ್ಕೆ ಇಲ್ಲ.

ಲೆಕ್ಕ ಹಾಕಿ. ನೀವು ಒಂದು ಲೇಖನ ಕಳಿಸಿದರೆ ಮೂರು ಜನರ ಮೂರು ಶನಿವಾರ ಖರ್ಚು. ಹಿಂದಕ್ಕೆ ಬಂದದ್ದನ್ನು ಒಂದಕ್ಷರ ತಿದ್ದದೆ ಮತ್ತೊಂದು ಜರ್ನಲ್‌ಗೆ ಕಳಿಸಿದರೆ ಮತ್ತೆ ಮೂರು. ಹೀಗೆ ನಾಲ್ಕು ಊರು ಸುತ್ತಿದ ಲೇಖನ ಹನ್ನೆರಡು ಶನಿವಾರ ತಿಂದಿರುತ್ತದೆ. ಅದನ್ನು ಬರೆದವರು ಆ ವರ್ಷ ಬೇರೆಯವರದ್ದನ್ನು ಎಷ್ಟು ಓದಿಕೊಟ್ಟರು? ರಿವ್ಯೂ ತಡ ಎಂದು ಬೈಯುವ ಹಕ್ಕು ಇರುವುದು ಈ ಲೆಕ್ಕ ಚುಕ್ತಾ ಮಾಡಿದವರಿಗೆ.

ಓದುವವರ ಈ ಅಭಾವದಲ್ಲೇ ಕಳ್ಳದಾರಿಗಳೂ ತೆರೆದುಕೊಂಡವು. ಲೇಖಕರೇ ರಿವ್ಯೂವರುಗಳ ಹೆಸರು ಸೂಚಿಸಲಿ ಎಂದು ಹಲವು ಜರ್ನಲ್‌ಗಳು ಅವಕಾಶ ಕೊಟ್ಟವು. 2014ರಲ್ಲಿ ಸೇಜ್ ಪ್ರಕಾಶನ ತನ್ನ ಒಂದು ಎಂಜಿನಿಯರಿಂಗ್ ಜರ್ನಲ್‌ನಿಂದ 60 ಲೇಖನಗಳನ್ನು ಒಟ್ಟಿಗೆ ಹಿಂತೆಗೆದುಕೊಂಡಿತು. ತೈವಾನಿನ ಒಬ್ಬ ಸಂಶೋಧಕನ ಸುತ್ತ ಹೆಣೆದುಕೊಂಡ ಜಾಲ ಅದು. ಸುಮಾರು 130 ಸುಳ್ಳು ಇಮೇಲ್ ಖಾತೆಗಳು. ತನ್ನ ಲೇಖನಕ್ಕೆ ತಾನೇ ರಿವ್ಯೂವರ್, ತಾನೇ ಭೇಷ್ ಎಂದು ಬರೆದುಕೊಂಡದ್ದು. ಆ ಗದ್ದಲದಲ್ಲಿ ಅಲ್ಲಿನ ಶಿಕ್ಷಣ ಸಚಿವರೇ ರಾಜೀನಾಮೆ ಕೊಡಬೇಕಾಯಿತು. ಅಂದಿನಿಂದ ಲೇಖಕರು ಸೂಚಿಸಿದ ಹೆಸರಿನ ಮುಂದೆ ಜಿಮೇಲ್ ವಿಳಾಸ ಕಂಡರೆ ನಾನು ಆ ವ್ಯಕ್ತಿಯ ಸಂಸ್ಥೆಯ ಜಾಲತಾಣಕ್ಕೆ ಹೋಗಿ ನೋಡಿಯೇ ಪತ್ರ ಬರೆಯುವುದು.

ಇದೆಲ್ಲ ಅನಾದಿ ಕಾಲದಿಂದ ಇದೆ ಎಂದು ಭಾವಿಸಬೇಡಿ. ಲಂಡನ್ನಿನಲ್ಲಿ ಹೆನ್ರಿ ಓಲ್ಡನ್‌ಬರ್ಗ್ 1665ರಲ್ಲಿ ಫಿಲಸಾಫಿಕಲ್ ಟ್ರಾನ್ಸಾಕ್ಷನ್ಸ್ ಎಂಬ ವಿಜ್ಞಾನ ಪತ್ರಿಕೆ ಶುರು ಮಾಡಿದಾಗ ಯಾವುದನ್ನು ಅಚ್ಚು ಹಾಕಬೇಕು ಎನ್ನುವುದು ಬಹುಮಟ್ಟಿಗೆ ಅವನ ಇಷ್ಟ. 1936ರಲ್ಲಿ ಐನ್‌ಸ್ಟೈನ್ ತಮ್ಮ ಸಹಾಯಕ ನೇಥನ್ ರೋಸೆನ್ ಜೊತೆ ಗುರುತ್ವದ ಅಲೆಗಳೇ ಇಲ್ಲ ಎಂದು ವಾದಿಸುವ ಲೇಖನವನ್ನು ಫಿಸಿಕಲ್ ರಿವ್ಯೂಗೆ ಕಳಿಸಿದರು. ಸಂಪಾದಕ ಜಾನ್ ಟೇಟ್ ಅದನ್ನು ಒಬ್ಬ ತಜ್ಞರಿಗೆ ತೋರಿಸಿದರು. ಐನ್‌ಸ್ಟೈನ್‌ಗೆ ಸಿಟ್ಟು ಬಂತು: ಅಚ್ಚು ಹಾಕಲು ಕಳಿಸಿದ್ದೆ, ಬೇರೆಯವರಿಗೆ ತೋರಿಸಲು ಅಪ್ಪಣೆ ಕೊಟ್ಟಿರಲಿಲ್ಲ ಎಂದು ಲೇಖನ ವಾಪಸ್ಸು ತೆಗೆದುಕೊಂಡರು. ತಪ್ಪು ತೋರಿಸಿದ ಆ ತಜ್ಞರು ಹೊವರ್ಡ್ ರಾಬರ್ಟ್‌ಸನ್, ಅವರು ಸರಿಯಾಗಿದ್ದರು. ಮರುವರ್ಷ ಲೇಖನ ಬೇರೆ ಕಡೆ ಅಚ್ಚಾದಾಗ ತೀರ್ಮಾನವೇ ಬದಲಾಗಿತ್ತು. 2015ರಲ್ಲಿ ಆ ಅಲೆಗಳು ಉಪಕರಣಕ್ಕೆ ಸಿಕ್ಕವು. ಇನ್ನು ನೇಚರ್ ಪತ್ರಿಕೆ ಎಲ್ಲ ಲೇಖನಗಳಿಗೂ ಹೊರಗಿನ ಪರಿಶೀಲನೆ ಕಡ್ಡಾಯ ಮಾಡಿದ್ದು 1973ರಲ್ಲಿ. ಬೆಂಗಳೂರಿನ ಐಐಎಂ ಶುರುವಾದ ವರ್ಷವೂ ಅದೇ. ಆ ವರ್ಷ ಹುಟ್ಟಿದವರು ಈ ಸಭೆಯಲ್ಲೇ ಇದ್ದಾರೆ, ಮುಂದಿನ ಸಾಲಿನಲ್ಲಿ ನಗುತ್ತಿದ್ದಾರೆ. ನಾವು ಶಾಸ್ತ್ರ ಎಂದುಕೊಂಡಿರುವುದು ಅವರ ವಯಸ್ಸಿನದು.

ಹಾಲಿನ ಲೇಖನಕ್ಕೆ ಬರೋಣ. ಮೂರು ವರದಿ ಬಂದವು. ಮೊದಲನೆಯವರು ಒಂದೂವರೆ ಪುಟ ಬರೆದಿದ್ದಾರೆ: ಮಾದರಿ ಆಯ್ಕೆ ಹೇಗೆ, ಪ್ರಶ್ನಾವಳಿಯ ಕನ್ನಡ ಅನುವಾದವನ್ನು ಯಾರು ಪರಿಶೀಲಿಸಿದರು, ಮೂರನೆಯ ಕೋಷ್ಟಕದಲ್ಲಿ ಕೂಡುವಿಕೆ ತಪ್ಪಿದೆ. ಶುಷ್ಕ, ಆದರೆ ಪ್ರಾಮಾಣಿಕ. ಮೂರನೆಯವರದು ನಾಲ್ಕು ಸಾಲು: 'ಲೇಖನ ಚೆನ್ನಾಗಿದೆ. ಭಾಷೆ ಸುಧಾರಿಸಬೇಕು. ಕೆಳಗಿನ ಲೇಖನಗಳನ್ನು ಉಲ್ಲೇಖಿಸುವುದು ಸೂಕ್ತ.' ಕೆಳಗಿನ ಲೇಖನಗಳು ಯಾರವೆಂದು ನೀವೇ ಊಹಿಸಿ.

ಎರಡನೆಯ ರಿವ್ಯೂವರ್ ಎಂದರೆ ಜಗತ್ತಿನಾದ್ಯಂತ ಸಂಶೋಧಕರಿಗೆ ಖಳನಾಯಕ, ಅವರ ಮೇಲೆ ಜೋಕುಗಳೇ ಇವೆ. ನಮ್ಮ ಕಥೆಯಲ್ಲಿ ಅವರು ಬರೆದ ವರದಿಯ ಮೊದಲ ವಾಕ್ಯ ಹೀಗಿದೆ: 'ಈ ಲೇಖನ ಹನ್ನೊಂದನೆಯ ಪುಟದಲ್ಲಿ ಶುರುವಾಗುತ್ತದೆ.'

ಹನ್ನೊಂದನೆಯ ಪುಟದಲ್ಲಿ ಏನಿದೆ? ಮೊದಲ ಹತ್ತು ಪುಟ ವಿಶ್ವಾಸ ಎಂದರೇನು ಎಂಬ ವ್ಯಾಖ್ಯೆಗಳ ಮೆರವಣಿಗೆ. ಹನ್ನೊಂದರಲ್ಲಿ, 'ಕ್ಷೇತ್ರದ ಹಿನ್ನೆಲೆ' ಎಂಬ ತಲೆಬರಹದ ಕೆಳಗೆ ಒಂದೇ ಪ್ಯಾರಾ. ಬೆಳಗಿನ ಆರು ಗಂಟೆ, ಸಂಘದ ಕಿಟಕಿ. ಕ್ಯಾನಿನಿಂದ ಒಂದು ಸೌಟು ಹಾಲು ಯಂತ್ರಕ್ಕೆ ಹೋಗುತ್ತದೆ, ಕೊಬ್ಬಿನ ಅಂಕಿ ಮೂಡುತ್ತದೆ. ಆ ಅಂಕಿಯ ಮೇಲೆ ಆ ಹೊತ್ತಿನ ದುಡ್ಡು. ಯಂತ್ರದ ಮುಖ ಒಳಗಡೆಗೆ, ಕಾರ್ಯದರ್ಶಿಯ ಕಡೆಗೆ ಇರುವುದು ರೂಢಿ. ಒಂದು ಊರಿನ ಕಾರ್ಯದರ್ಶಿ ಅದನ್ನು ಹೊರಗಡೆಗೆ, ಸದಸ್ಯರ ಕಡೆಗೆ ತಿರುಗಿಸಿ ಇಟ್ಟಿದ್ದಾಳೆ. ತಾನು ಅಂಕಿ ಬರೆದುಕೊಳ್ಳಬೇಕಾದರೆ ಪ್ರತಿ ಸಲ ಕತ್ತು ಚಾಚಬೇಕು. ಮೊದಲ ಕೆಲವು ವಾರ ಸದಸ್ಯರು ಬಗ್ಗಿ ಬಗ್ಗಿ ನೋಡಿದರು. ಆಮೇಲೆ ನೋಡುವುದನ್ನೇ ಬಿಟ್ಟರು. ಯಂತ್ರ ಒಳಮುಖವಾಗಿದ್ದ ಪಕ್ಕದ ಊರಿನಲ್ಲಿ ಮಾತ್ರ ಜನ ಇನ್ನೂ ಕಿಟಕಿಯೊಳಗೆ ಇಣುಕುತ್ತಲೇ ಇದ್ದಾರೆ.

ನೋಡಿ, ಇಲ್ಲಿ ಒಂದು ಪ್ರಶ್ನೆ ಇದೆ. ಕಾವಲು ಹೆಚ್ಚಿದಲ್ಲಿ ವಿಶ್ವಾಸ ಕಡಿಮೆ, ವಿಶ್ವಾಸ ಇದ್ದಲ್ಲಿ ಕಾವಲು ಬೇಡ ಎಂದು ನಮ್ಮ ಪಠ್ಯಗಳು ಹೇಳುತ್ತವೆ. ಈ ಊರಿನಲ್ಲಿ ಕಾವಲನ್ನು ಸುಲಭ ಮಾಡಿದ್ದೇ ಕಾವಲು ನಿಲ್ಲಲು ಕಾರಣವಾಯಿತೇ? ಈ ಪ್ರಶ್ನೆಯನ್ನು ಮೊದಲ ಪುಟದಲ್ಲಿ ಇಟ್ಟರೆ ಅದು ಲೇಖನ. ಹನ್ನೊಂದನೆಯ ಪುಟದಲ್ಲಿ ಬಚ್ಚಿಟ್ಟು ಇನ್ನೂರು ಜನರಿಗೆ 'ನೀವು ಸಂಘವನ್ನು ನಂಬುತ್ತೀರಾ, ಒಂದರಿಂದ ಐದು' ಎಂದು ಕೇಳಿದರೆ ಅದು 'ಒಂದು ಅಧ್ಯಯನ'. ಡೆಸ್ಕಿನ ಮೇಲೆ ಇದು ಉಳಿದದ್ದು ಯಾಕೆ ಎಂದು ಆಗ ಹೇಳಿರಲಿಲ್ಲ. ಪುಟ ತಿರುವುವಾಗ ಆ ಕತ್ತು ಚಾಚಿದ ಹೆಂಗಸು ಸಂಪಾದಕನ ಕಣ್ಣಿಗೆ ಬಿದ್ದಿದ್ದಳು, ಅದಕ್ಕೇ ಉಳಿಯಿತು. ಅದೃಷ್ಟ. ನಿಮ್ಮ ಲೇಖನವನ್ನು ಅಂಥ ಅದೃಷ್ಟಕ್ಕೆ ಬಿಡಬೇಡಿ.

ಮೂರು ವರದಿ, ಮೂರು ಮಾತು. ಒಬ್ಬರು ಚಿಕ್ಕ ತಿದ್ದುಪಡಿ ಸಾಕು ಎಂದರು, ಒಬ್ಬರು ದೊಡ್ಡದು ಬೇಕು ಎಂದರು, ಒಬ್ಬರು ಒಪ್ಪಿ ಬಿಡಿ ಎಂದರು. ಸಂಪಾದಕ ಮತ ಎಣಿಸುವುದಿಲ್ಲ. ಯಾರು ಓದಿದ್ದಾರೆ ಎಂದು ನೋಡುತ್ತಾನೆ. ಮೂರನೆಯವರ ಹೊಗಳಿಕೆಗೆ ತೂಕವೇ ಇಲ್ಲ. ಎರಡನೆಯವರ ಆಕ್ಷೇಪದಲ್ಲಿ ಲೇಖನದ ಭವಿಷ್ಯ ಇದೆ.

ಇಷ್ಟರ ನಂತರ ಬರುತ್ತದೆ ನಿರ್ಣಯದ ಪತ್ರ. ಇದನ್ನು ಓದಲು ಬಾರದೆ ನಾನೇ ಕೆಟ್ಟವನು, ಅದನ್ನು ಹೇಳಿಬಿಡುತ್ತೇನೆ. ನನ್ನ ಮೊದಲ ಲೇಖನಕ್ಕೆ ಹೊರದೇಶದ ಒಂದು ಜರ್ನಲ್‌ನಿಂದ ನಾಲ್ಕು ಪುಟದ ಪತ್ರ ಬಂತು. ಮೊದಲ ಪ್ಯಾರಾದಲ್ಲಿ 'ಈಗಿನ ರೂಪದಲ್ಲಿ ಪ್ರಕಟಿಸಲು ಸಾಧ್ಯವಿಲ್ಲ' ಎಂದಿತ್ತು. ಮುಂದೆ ಓದಲಿಲ್ಲ. ಮುದ್ರಿಸಿ, ಎರಡಾಗಿ ಮಡಚಿ, ಟೆಲಿಫೋನ್ ಬಿಲ್ಲುಗಳ ಫೈಲಿಗೆ ಸೇರಿಸಿದೆ. ಏಳು ತಿಂಗಳ ನಂತರ ಒಬ್ಬ ಹಿರಿಯ ಸಹೋದ್ಯೋಗಿ ಅದನ್ನು ಕೇಳಿ ತರಿಸಿ ಓದಿ ತಲೆ ಎತ್ತಿ ನೋಡಿದರು: 'ಇದು ಆಹ್ವಾನ ಕಣಯ್ಯ. ಮೂರು ತಿಂಗಳಲ್ಲಿ ತಿದ್ದಿ ಕಳಿಸು ಅಂದಿದ್ದಾರೆ.' ಗಡುವು ಮುಗಿದು ನಾಲ್ಕು ತಿಂಗಳಾಗಿತ್ತು. 'ಈಗಿನ ರೂಪದಲ್ಲಿ' ಎಂಬ ಎರಡು ಪದಗಳಲ್ಲೇ ಇಡೀ ಪತ್ರ ಇತ್ತು. ಒಳ್ಳೆಯ ಜರ್ನಲ್‌ಗಳಲ್ಲಿ ಮೊದಲ ಸುತ್ತಿನಲ್ಲೇ ಸ್ವೀಕಾರ ಎನ್ನುವುದು ಇಲ್ಲವೆಂದೇ ತಿಳಿಯಿರಿ. ಪರಿಷ್ಕರಿಸಿ ಮತ್ತೆ ಕಳಿಸಿ ಎಂದರೆ ಅವತ್ತು ಮನೆಯಲ್ಲಿ ಪಾಯಸ ಮಾಡಿಸಬೇಕು.

ಪಾಯಸದ ಮರುದಿನದಿಂದ ಉತ್ತರ ಬರೆಯುವ ಕೆಲಸ. ನಾನು ಕರಾವಳಿಯವನು, ತಾಳಮದ್ದಳೆ ಕೇಳಿ ಬೆಳೆದವನು. ಕೃಷ್ಣಸಂಧಾನ ಪ್ರಸಂಗದಲ್ಲಿ ಒಳ್ಳೆಯ ಅರ್ಥಧಾರಿ ಕೌರವನ ಮಾತಿಗೆ ಹೇಗೆ ಉತ್ತರ ಕೊಡುತ್ತಾನೆ ಗಮನಿಸಿದ್ದೀರಾ? 'ನೀನು ಹೇಳಿದ್ದು ಇದಲ್ಲವೇ' ಎಂದು ಎದುರಾಳಿಯ ಮಾತನ್ನು ಮೊದಲು ತಾನೇ ಎತ್ತಿ ಹೇಳುತ್ತಾನೆ, ಕೆಲವೊಮ್ಮೆ ಅವನಿಗಿಂತ ಚೆನ್ನಾಗಿ ಹೇಳುತ್ತಾನೆ. ಅದರಲ್ಲಿ ಒಪ್ಪುವುದನ್ನು ಒಪ್ಪುತ್ತಾನೆ. ಆಮೇಲೆ ತನ್ನ ಮಾತು. ರಿವ್ಯೂವರ್‌ಗೆ ಉತ್ತರ ಬರೆಯುವ ಕ್ರಮ ಇದೇ. ಅವರ ಒಂದೊಂದು ವಾಕ್ಯವನ್ನೂ ನಕಲು ಮಾಡಿ ಇಡಿ, ಕೆಳಗೆ ಏನು ಬದಲಿಸಿದಿರಿ, ಯಾವ ಪುಟದಲ್ಲಿ ಎಂದು ಬರೆಯಿರಿ. 'ಸರಿಪಡಿಸಲಾಗಿದೆ' ಎಂಬ ಒಂದೇ ಪದ ಬರೆಯಬೇಡಿ. ನಾಲ್ಕು ತಿಂಗಳಾದ ಮೇಲೆ ಅವರಿಗೆ ತಾವು ಏನು ಕೇಳಿದ್ದೆವು ಎನ್ನುವುದೇ ನೆನಪಿರುವುದಿಲ್ಲ. ಒಪ್ಪದಿರುವ ಹಕ್ಕೂ ನಿಮಗಿದೆ. ಮೊದಲ ರಿವ್ಯೂವರ್ ಇನ್ನೂ ಮುನ್ನೂರು ಜನರ ಸಮೀಕ್ಷೆ ಕೇಳಿದರು ಎನ್ನಿ. ಪ್ರಶ್ನೆ ಈಗ ಯಂತ್ರದ ಮುಖದ್ದು, ಹಾಗಾಗಿ ಸಮೀಕ್ಷೆ ಹೆಚ್ಚಿಸುವ ಬದಲು ಇನ್ನೂ ಹತ್ತು ಸಂಘಗಳಲ್ಲಿ ಬೆಳಗಿನ ಹೊತ್ತು ಕುಳಿತು ನೋಡಿದೆವು ಎಂದು ಬರೆಯಬಹುದು. ಅದು ಉತ್ತರ. 'ಸಮಯದ ಅಭಾವದಿಂದ ಸಾಧ್ಯವಾಗಲಿಲ್ಲ' ಎನ್ನುವುದು ನೆಪ.

ಈ ವ್ಯವಸ್ಥೆಯನ್ನು ನಾನು ಹೊಗಳುತ್ತಿದ್ದೇನೆ ಎಂದು ಯಾರಿಗಾದರೂ ಅನಿಸಿದ್ದರೆ ಸ್ವಲ್ಪ ತಾಳಿ. ಅದು ಎಡವಿದ ದಾಖಲೆ ಉದ್ದ ಇದೆ. ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ ಹಳೆಯ ಕಾರುಗಳ ಮಾರುಕಟ್ಟೆಯ ಬಗ್ಗೆ ಬರೆದ ಲೇಖನವನ್ನು ಮೂರು ಜರ್ನಲ್‌ಗಳು ಬೇಡ ಎಂದವು. ಎರಡು ಕಡೆ ತೀರಾ ಕ್ಷುಲ್ಲಕ ಎಂದರು. ಮೂರನೆಯ ಕಡೆ, ಇದು ನಿಜವಾದರೆ ಅರ್ಥಶಾಸ್ತ್ರವೇ ಬೇರೆಯಾಗಬೇಕಾಗುತ್ತದೆ ಎಂದರು, ಆದದ್ದೂ ಹಾಗೆಯೇ. 1970ರಲ್ಲಿ ನಾಲ್ಕನೆಯ ಕಡೆ ಬಂತು, 2001ರಲ್ಲಿ ನೊಬೆಲ್ ಬಂತು. ಇದನ್ನು ಕೇಳಿ ನಿಮ್ಮ ತಿರಸ್ಕೃತ ಲೇಖನವೂ ನೊಬೆಲ್ ದಾರಿಯಲ್ಲಿದೆ ಎಂದುಕೊಳ್ಳಬೇಡಿ, ದಯವಿಟ್ಟು.

ಡಗ್ಲಾಸ್ ಪೀಟರ್ಸ್ ಮತ್ತು ಸ್ಟೀಫನ್ ಸೀಸಿ 1982ರಲ್ಲಿ ಪ್ರಕಟಿಸಿದ ಪರೀಕ್ಷೆ ಇನ್ನೂ ಚುರುಕು. ಮನಃಶಾಸ್ತ್ರದ ಪ್ರತಿಷ್ಠಿತ ಜರ್ನಲ್‌ಗಳಲ್ಲಿ ಆಗಲೇ ಅಚ್ಚಾಗಿದ್ದ 12 ಲೇಖನಗಳನ್ನು ತೆಗೆದುಕೊಂಡು, ಲೇಖಕರ ಮತ್ತು ಸಂಸ್ಥೆಗಳ ಹೆಸರನ್ನು ಕೇಳರಿಯದ ಹೆಸರುಗಳಾಗಿ ಬದಲಿಸಿ, ಅವೇ ಜರ್ನಲ್‌ಗಳಿಗೆ ಮತ್ತೆ ಕಳಿಸಿದರು. ಮೂರು ಸಿಕ್ಕಿಬಿದ್ದವು. ಉಳಿದ ಒಂಬತ್ತರಲ್ಲಿ ಎಂಟು ತಿರಸ್ಕಾರ. ಎಷ್ಟೋ ಸಲ ಕೊಟ್ಟ ಕಾರಣ, ವಿಧಾನದಲ್ಲಿ ಗಂಭೀರ ದೋಷ. ಅನಾಮಿಕತೆ ಯಾಕೆ ಬೇಕು ಎಂದು ಕೇಳಿದವರಿಗೆ ನಾನು ಇದನ್ನೇ ಹೇಳುವುದು.

ಮೋಸ ಹಿಡಿಯುವುದು ರಿವ್ಯೂವರ್ ಕೈಯಲ್ಲಿ ಆಗುವ ಕೆಲಸವಲ್ಲ. 2012ರಲ್ಲಿ ಅಮೆರಿಕದ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಒಂದು ಲೇಖನ ಬಂತು: ಅರ್ಜಿಯ ಕೆಳಗೆ ಸಹಿ ಹಾಕಿಸುವ ಬದಲು ಮೇಲೆ ಹಾಕಿಸಿದರೆ ಜನ ಹೆಚ್ಚು ನಿಜ ಹೇಳುತ್ತಾರೆ. ನಮ್ಮ ಎಂಬಿಎ ತರಗತಿಗಳಲ್ಲಿ ಎಷ್ಟು ಸಲ ಪಾಠ ಮಾಡಿದ್ದೇವೋ. ಅದರ ಒಂದು ಭಾಗ ವಾಹನ ವಿಮೆಯವರ ಮೈಲಿ ಲೆಕ್ಕ. ಮೂಲ ದತ್ತಾಂಶ ಹೊರಬಿದ್ದದ್ದು 2020ರಲ್ಲಿ. ಮರುವರ್ಷ ಡೇಟಾ ಕೊಲಾಡಾ ಎಂಬ ಹೆಸರಿನಲ್ಲಿ ಬರೆಯುವ ಮೂವರು ಸಂಶೋಧಕರು ತೋರಿಸಿಕೊಟ್ಟರು: ಕಾರು ಓಡಿದ ಮೈಲಿಗಳು ಸೊನ್ನೆಯಿಂದ 50,000ದವರೆಗೆ ಸಮನಾಗಿ ಹರಡಿವೆ, ಅಲ್ಲಿಗೆ ಕತ್ತರಿಸಿದಂತೆ ನಿಲ್ಲುತ್ತವೆ. ಯಾವ ಊರಿನ ಜನ ಹಾಗೆ ಕಾರು ಓಡಿಸುತ್ತಾರೆ? 2021ರಲ್ಲೇ ಲೇಖನ ಹಿಂತೆಗೆದುಕೊಂಡರು. 2012ರ ರಿವ್ಯೂವರುಗಳ ಮುಂದೆ ಆ ಅಂಕಿಗಳ ಪಟ್ಟಿ ಇರಲಿಲ್ಲ, ಸರಾಸರಿ ಮಾತ್ರ ಇತ್ತು. ವಿಶ್ವಾಸದ ಮೇಲೆ ಓದಿದರು. ಯಂತ್ರದ ಮುಖ ಒಳಗಡೆಗೆ ಇತ್ತು ಅನ್ನಿ.

ನಮ್ಮ ಮನೆಯ ವಿಷಯಕ್ಕೂ ಬರಬೇಕು. 2013ರಲ್ಲಿ ಸೈನ್ಸ್ ಪತ್ರಿಕೆಯ ಜಾನ್ ಬೊಹಾನನ್ ಮೇಲ್ನೋಟಕ್ಕೇ ತಪ್ಪು ಕಾಣುವ ಸುಳ್ಳು ಲೇಖನವೊಂದನ್ನು 304 ಮುಕ್ತ ಪ್ರವೇಶದ, ಅಂದರೆ ಯಾರು ಬೇಕಾದರೂ ಪುಕ್ಕಟೆ ಓದಬಹುದಾದ, ಜರ್ನಲ್‌ಗಳಿಗೆ ಕಳಿಸಿದರು. 157 ಕಡೆ ಸ್ವೀಕಾರವಾಯಿತು. ಹಾಗೆ ಸ್ವೀಕರಿಸಿದ ಅಂಗಡಿಗಳು ಅತಿ ಹೆಚ್ಚು ಇದ್ದದ್ದು ಭಾರತದಲ್ಲಿ. ವಿಶ್ವವಿದ್ಯಾಲಯ ಅನುದಾನ ಆಯೋಗ, ಅಂದರೆ ಯುಜಿಸಿ, ಇದನ್ನು ತಡೆಯಲು 2019ರಲ್ಲಿ ಒಪ್ಪಿತ ಜರ್ನಲ್‌ಗಳ ಕೇರ್ ಪಟ್ಟಿ ತಂದಿತು, 2025ರ ಫೆಬ್ರವರಿಯಲ್ಲಿ ಅದನ್ನು ಕೈಬಿಟ್ಟಿತು. ಪಿಎಚ್‌.ಡಿ.ಗೆ ಮೊದಲು ಪ್ರಕಟಣೆ ಕಡ್ಡಾಯ ಎಂಬ ನಿಯಮವೂ 2022ರಲ್ಲಿ ಹೋಯಿತು. ಆದರೂ ನಿಮ್ಮ ಇನ್‌ಬಾಕ್ಸಿಗೆ ದಿನವೂ ಪತ್ರ ಬರುತ್ತದೆ: ಗೌರವಾನ್ವಿತ ಪ್ರಾಧ್ಯಾಪಕರೇ, 72 ಗಂಟೆಗಳಲ್ಲಿ ಪ್ರಕಟಣೆ. ಯಾವುದು ಅಂಥದ್ದು ಎಂದು ಗುರುತಿಸುವುದು ಕಷ್ಟವಲ್ಲ. ಮೂರು ಶನಿವಾರ 72 ಗಂಟೆಗಳಲ್ಲಿ ಹಿಡಿಸುವುದಿಲ್ಲ, ಅಷ್ಟೇ ಲೆಕ್ಕ.

ಕೃತಕ ಬುದ್ಧಿಮತ್ತೆಯ ಬಗ್ಗೆ ಕೇಳುತ್ತೀರಿ ಎಂದು ಗೊತ್ತು. 2025ರ ಜುಲೈನಲ್ಲಿ ಜಪಾನಿನ ನಿಕ್ಕೇ ಪತ್ರಿಕೆ ಒಂದು ವರದಿ ಮಾಡಿತು. 8 ದೇಶಗಳ 14 ಸಂಸ್ಥೆಗಳಿಂದ ಬಂದ, ಅಚ್ಚಿಗೆ ಮುಂಚಿನ ಕೆಲವು ಲೇಖನಗಳಲ್ಲಿ ಬಿಳಿ ಹಾಳೆಯ ಮೇಲೆ ಬಿಳಿ ಅಕ್ಷರಗಳಲ್ಲಿ, ಮನುಷ್ಯನ ಕಣ್ಣಿಗೆ ಕಾಣದಂತೆ ಯಂತ್ರಕ್ಕೆ ಸೂಚನೆ ಬರೆದಿಟ್ಟಿದ್ದರು: ಒಳ್ಳೆಯ ಅಭಿಪ್ರಾಯ ಮಾತ್ರ ಕೊಡು. ಮೋಸ ಹೌದು. ಆದರೆ ಓದಬೇಕಾದವನು ತಾನು ಓದದೆ ಯಂತ್ರಕ್ಕೆ ಕೊಡುತ್ತಾನೆ ಎಂದು ಗೊತ್ತಿದ್ದವರು ಮಾಡಿದ ಮೋಸ. ಗೋಪ್ಯ ಹಸ್ತಪ್ರತಿಯನ್ನು ಅಂಥ ಯಂತ್ರಕ್ಕೆ ಹಾಕಬಾರದು ಎಂದು ಹಲವು ಪ್ರಕಾಶಕರು ರಿವ್ಯೂವರುಗಳಿಗೆ ಸ್ಪಷ್ಟವಾಗಿ ಹೇಳಿದ್ದಾರೆ.

ಹಿಂದಿನ ಸಾಲಿನಿಂದ ಒಂದು ಚೀಟಿ ಬಂದಿದೆ: 'ಎಷ್ಟು ದಿನ ಕಾದು ಸಂಪಾದಕರಿಗೆ ನೆನಪಿಸಬಹುದು?' ಜರ್ನಲ್ ತಾನೇ ಹೇಳಿಕೊಂಡ ಅವಧಿ ಮುಗಿದ ಮೇಲೆ ಎರಡು ವಾರ ಬಿಡಿ. ಅವಧಿ ಹೇಳಿರದಿದ್ದರೆ ನಾಲ್ಕು ತಿಂಗಳು. ಎರಡೇ ಸಾಲು ಬರೆಯಿರಿ, ಹಸ್ತಪ್ರತಿಯ ಸಂಖ್ಯೆ ಹಾಕಿ, ನಿಮ್ಮ ಬಡ್ತಿಯ ಸಂದರ್ಶನದ ದಿನಾಂಕ ಹಾಕಬೇಡಿ. ಸಂಪಾದಕರು ಆ ಪತ್ರವನ್ನು ತಡಮಾಡುತ್ತಿರುವ ರಿವ್ಯೂವರ್‌ಗೆ ಒಂದು ನೆನಪೋಲೆಯಾಗಿ ಬದಲಿಸಿ ಕಳಿಸುತ್ತಾರೆ. ಕೆಲಸ ಮಾಡುತ್ತದೆ. ನನಗೂ ಮೊನ್ನೆ ಒಂದು ಬಂದಿದೆ. ಒಪ್ಪಿಕೊಂಡು ಐವತ್ತೆರಡು ದಿನವಾಯಿತು. ಆ ಹಸ್ತಪ್ರತಿಯನ್ನು ಮುದ್ರಿಸಿ ಚೀಲದಲ್ಲಿ ಹಾಕಿಕೊಂಡು ಬಂದಿದ್ದೇನೆ, ಬರುವಾಗ ನಿದ್ದೆ ಮಾಡಿದೆ. ಹೋಗುವಾಗ ರೈಲು ನಾಲ್ಕೂಕಾಲಿಗೆ, ಕಿಟಕಿಯ ಪಕ್ಕದ ಸೀಟು.